ಬಾಡಿಗೆಗಿಂತ ಮೊದಲು ನೀರಿನ ಮಾತು: ಹುಬ್ಬಳ್ಳಿ-ಧಾರವಾಡದಲ್ಲಿ ಮನೆ ತೋರಿಸುವ ನನ್ನ ಒಂದು ದಿನ

ಎಲ್ಲರಿಗೂ ನಮಸ್ಕಾರ. ಈಗ ಬೆಳಿಗ್ಗೆ ಏಳು ಗಂಟೆ. ಪರದೆಯ ಮೇಲೆ ಕಾಣುತ್ತಿರುವ ಈ ನೀಲಿ ರಟ್ಟಿನ ನೋಟ್‌ಬುಕ್ಕಿನಲ್ಲಿ ಮನೆಗಳ ಬಾಡಿಗೆಯಾಗಲಿ, ಮಾಲೀಕರ ಹೆಸರಾಗಲಿ ಇಲ್ಲ. ಹುಬ್ಬಳ್ಳಿ ಮತ್ತು ಧಾರವಾಡದ ಯಾವ ಓಣಿಗೆ ಎಷ್ಟು ದಿನಕ್ಕೊಮ್ಮೆ, ಯಾವ ಹೊತ್ತಿಗೆ ನಲ್ಲಿ ನೀರು ಬರುತ್ತದೆ ಎಂಬುದನ್ನು ಮಾತ್ರ ಇದರಲ್ಲಿ ಬರೆದಿದ್ದೇನೆ. ಎಂಟು ವರ್ಷಗಳಿಂದ ಈ ಅವಳಿ ನಗರದಲ್ಲಿ ಬಾಡಿಗೆ ಮನೆ ಕೊಡಿಸುವ ಕೆಲಸ ಮಾಡುತ್ತಿರುವ ನಾನು, ಮನೆಯಿಂದ ಹೊರಡುವಾಗ ಸ್ಕೂಟರಿನ ಕೀಲಿಗಿಂತ ಮೊದಲು ಕೈಗೆತ್ತಿಕೊಳ್ಳುವುದು ಇದನ್ನೇ.

ಇದು ಜೂನ್ ತಿಂಗಳು. ಶಾಲೆಗಳು ಆರಂಭವಾಗಿವೆ, ವರ್ಗಾವಣೆಯ ಆದೇಶಗಳು ಕೈಸೇರಿವೆ, ಆಷಾಢ ಹಿಡಿಯುವುದರೊಳಗೆ ಹೊಸ ಮನೆಯಲ್ಲಿ ಹಾಲು ಉಕ್ಕಿಸಬೇಕೆಂಬ ಅವಸರ ಎಲ್ಲರಿಗೂ ಇದೆ. ಇವತ್ತು ಮೂರು ಕಡೆಯವರಿಗೆ ಮನೆ ತೋರಿಸಬೇಕು. ಮೊದಲನೆಯದು ರೈಲ್ವೆ ನೌಕರರ ಕುಟುಂಬ, ಎರಡನೆಯವರು ಓದಲು ಬಂದಿರುವ ಇಬ್ಬರು ಹುಡುಗರು, ಮೂರನೆಯವರು ರಾಣೆಬೆನ್ನೂರು ಕಡೆಯ ಒಬ್ಬ ನರ್ಸ್.

ರೈಲ್ವೆ ನೌಕರರಿಗೆ ಹುಬ್ಬಳ್ಳಿಯ ಗದಗ ರಸ್ತೆಯಲ್ಲಿರುವ ನೈಋತ್ಯ ರೈಲ್ವೆಯ ಪ್ರಧಾನ ಕಚೇರಿಗೆ ವರ್ಗವಾಗಿದೆ. ಅವರ ಪತ್ನಿಗೆ ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದಲ್ಲಿ ಕೆಲಸ. ಎರಡೂ ಊರುಗಳು 1962ರಲ್ಲಿ ಒಂದೇ ಮಹಾನಗರ ಪಾಲಿಕೆಯ ಅಡಿಯಲ್ಲಿ ಬಂದಿದ್ದರೂ ನಡುವಿನ ಸುಮಾರು 20 ಕಿಲೋಮೀಟರ್ ದೂರವೇನೂ ಕಡಿಮೆಯಾಗಿಲ್ಲ. ನಾನು ಈ ಕೆಲಸಕ್ಕೆ ಬಂದಾಗ ಇಂಥ ದಂಪತಿಗಳಲ್ಲಿ ಯಾರಾದರೊಬ್ಬರು ದಿನವೂ ಬಸ್ಸಿನಲ್ಲಿ ಸೋಲಲೇಬೇಕಾಗುತ್ತಿತ್ತು. ತನ್ನದೇ ಪಥದಲ್ಲಿ ಓಡುವ ಚಿಗರಿ ಬಸ್ಸು ಬಂದ ಮೇಲೆ ನಡುದಾರಿಯ ನವನಗರ, ರಾಯಾಪುರಗಳ ಮನೆಗಳನ್ನು ಜನ ತಾವಾಗಿಯೇ ಕೇಳತೊಡಗಿದ್ದಾರೆ. ಕೇಶ್ವಾಪುರದಲ್ಲಿ ಮನೆ ಹಿಡಿದರೆ ಗಂಡನಿಗೆ ಕಚೇರಿ ಹತ್ತಿರವಾಗುತ್ತದೆ, ಸಪ್ತಾಪುರದಲ್ಲಿ ಹಿಡಿದರೆ ಹೆಂಡತಿಗೆ ಅನುಕೂಲ. ಆದ್ದರಿಂದ ನವನಗರದಲ್ಲಿ ಬಸ್ ನಿಲ್ದಾಣದಿಂದ ಐದು ನಿಮಿಷ ನಡೆದು ತಲುಪಬಹುದಾದ ಎರಡು ಕೋಣೆಯ ಮನೆಯನ್ನು ಅವರಿಗಾಗಿ ಗುರುತಿಸಿಟ್ಟಿದ್ದೆ.

ಮನೆ ಅವರಿಗೆ ಹಿಡಿಸಿತು. ಅಡುಗೆಮನೆಗೆ ಬೆಳಕು ಬರುತ್ತದೆ, ಹಿತ್ತಲಿನಲ್ಲಿ ಬಟ್ಟೆ ಒಣಗಿಸಲು ಜಾಗವಿದೆ. ಬಾಡಿಗೆ ಎಷ್ಟು, ಡಿಪಾಸಿಟ್ ಎಷ್ಟು ಎಂದು ಅವರು ಕೇಳುತ್ತಿದ್ದಾಗ, ಜೊತೆಗೆ ಬಂದಿದ್ದ ಅವರ ಅತ್ತೆ ಮಾತ್ರ ನೇರವಾಗಿ ಬಚ್ಚಲುಮನೆಗೆ ಹೋಗಿ ನಲ್ಲಿ ತಿರುಗಿಸಿ, "ಯವ್ವಾ, ಇಲ್ಲಿ ನೀರು ಎಷ್ಟ ದಿನಕ್ಕೊಮ್ಮೆ ಬರ್ತಾವ?" ಎಂದರು. ಕೇಳಬೇಕಾದ ಮೊದಲ ಪ್ರಶ್ನೆಯನ್ನು ಕೇಳಿದ ಆ ಹಿರಿಯರ ಮೇಲೆ ನನಗೆ ತುಂಬ ಗೌರವ ಮೂಡಿತು.

ಹೊರಗಿನಿಂದ ಬಂದವರಿಗೆ ಈ ಪ್ರಶ್ನೆಯ ತೂಕ ತಿಳಿಯುವುದಿಲ್ಲವಾದ್ದರಿಂದ ಸ್ವಲ್ಪ ವಿವರಿಸುತ್ತೇನೆ. ನಮ್ಮ ಅವಳಿ ನಗರಕ್ಕೆ ಕುಡಿಯುವ ನೀರು ಬರುವುದು ಸವದತ್ತಿ ಬಳಿಯ ಮಲಪ್ರಭಾ ಜಲಾಶಯದಿಂದ ಮತ್ತು ಕಲಘಟಗಿ ಕಡೆಯ ನೀರಸಾಗರದಿಂದ. ಕೆಲವು ಬಡಾವಣೆಗಳಲ್ಲಿ 2008ರ ಸುಮಾರಿಗೇ ದಿನದ 24 ಗಂಟೆಯೂ ನೀರು ಕೊಡುವ ವ್ಯವಸ್ಥೆ ಪ್ರಾಯೋಗಿಕವಾಗಿ ಆರಂಭವಾಯಿತು. ಉಳಿದ ಎಷ್ಟೋ ಕಡೆ ಇಂದಿಗೂ ಕೆಲವು ದಿನಗಳಿಗೊಮ್ಮೆ ನೀರು ಬಿಡುತ್ತಾರೆ, ಬೇಸಿಗೆಯಲ್ಲಿ ಆ ಅಂತರ ಇನ್ನೂ ಹಿಗ್ಗುತ್ತದೆ. ಹಾಗಾಗಿ ಒಂದೇ ರಸ್ತೆಯ ಎದುರುಬದುರಿನ ಎರಡು ಮನೆಗಳ ಬಾಡಿಗೆ ಒಂದೇ ಆಗಿದ್ದರೂ, ಕೆಳಗೆ ದೊಡ್ಡ ಸಂಪು, ಮೇಲೆ ಟ್ಯಾಂಕು, ಜೊತೆಗೊಂದು ಬೋರ್‌ವೆಲ್ ಇರುವ ಮನೆಯ ಬದುಕೇ ಬೇರೆ, ಎರಡು ಬ್ಯಾರಲ್ಲುಗಳನ್ನು ನಂಬಿಕೊಂಡ ಮನೆಯ ಬದುಕೇ ಬೇರೆ.

ಇದನ್ನು ನಾನು ಒಂದು ತಪ್ಪಿನಿಂದ ಕಲಿತೆ. ಕೆಲಸಕ್ಕೆ ಸೇರಿದ ಎರಡನೆಯ ವರ್ಷದಲ್ಲಿ ಮನೆಯ ಮಾಲೀಕರೊಬ್ಬರು, "ನೀರಿಂದೇನು ತ್ರಾಸ ಇಲ್ಲ" ಎಂದಿದ್ದನ್ನು ವಿಚಾರಿಸದೆ ಹಾಗೆಯೇ ಒಂದು ಕುಟುಂಬಕ್ಕೆ ಹೇಳಿ, ಮೂರನೆಯ ಮಹಡಿಯ ಮನೆಯನ್ನು ಕೊಡಿಸಿದೆ. ನೀರು ಕೆಳಗಿನ ನಲ್ಲಿಯವರೆಗೆ ಬರುತ್ತಿದ್ದುದು ನಿಜ. ಅದನ್ನು ಮೇಲಕ್ಕೇರಿಸುವ ಮೋಟರು ಮಾತ್ರ ಕೆಟ್ಟು ವರ್ಷವಾಗಿತ್ತು. ಏಪ್ರಿಲ್ ತಿಂಗಳ ಒಂದು ಮುಂಜಾನೆ ಆ ಕಟ್ಟಡದ ಮುಂದೆ ಹೋಗುತ್ತಿದ್ದಾಗ, ಆ ಮನೆಯ ಅಜ್ಜಿ ಎರಡು ಕೊಡಗಳನ್ನು ಹಿಡಿದು ಮೆಟ್ಟಿಲ ನಡುವೆ ಕುಳಿತು ಸುಧಾರಿಸಿಕೊಳ್ಳುತ್ತಿದ್ದುದನ್ನು ಕಂಡೆ. ಅವರು ನನ್ನನ್ನು ಬೈಯಲಿಲ್ಲ, "ಚಾ ಕುಡದ ಹೋಗು ಬಾರವ್ವ" ಎಂದು ಕರೆದರು. ಅಂದು ಪಡೆದ ಕಮಿಷನ್ನನ್ನು ನಾನು ಹಿಂದಿರುಗಿಸಿದೆ, ಅವರಿಗೆ ಬೇರೆ ಮನೆ ಹುಡುಕಿಕೊಟ್ಟೆ. ಆದರೆ ಆ ಮೆಟ್ಟಿಲು ಇಂದಿಗೂ ಕಣ್ಣ ಮುಂದಿದೆ. ಈ ನೀಲಿ ನೋಟ್‌ಬುಕ್ಕು ಆ ವಾರವೇ ಆರಂಭವಾದದ್ದು. ಇದರ ಬಹುಪಾಲು ಮಾಹಿತಿಯನ್ನು ಕೊಟ್ಟವರು ನಸುಕಿನಲ್ಲಿ ಓಣಿ ಓಣಿ ತಿರುಗಿ ನೀರು ಬಿಡುವ ವಾಲ್ವ್‌ಮನ್‌ಗಳು ಮತ್ತು ಕೆಳಮನೆಯ ಗೃಹಿಣಿಯರು.

ಮಧ್ಯಾಹ್ನ ಧಾರವಾಡ. ಸಪ್ತಾಪುರದ ಈ ರಸ್ತೆಗಳಲ್ಲಿ ನೀವು ಕಾಣುತ್ತಿರುವ ಫಲಕಗಳೆಲ್ಲ ಸ್ಪರ್ಧಾತ್ಮಕ ಪರೀಕ್ಷೆಗಳ ತರಬೇತಿ ಕೇಂದ್ರಗಳವು. ಪಿಎಸ್‌ಐ, ಎಫ್‌ಡಿಎ, ಕೆಎಎಸ್ ಎಂದು ಉತ್ತರ ಕರ್ನಾಟಕದ ಹಳ್ಳಿಗಳಿಂದ ಬರುವ ಹುಡುಗ ಹುಡುಗಿಯರಿಗೆ ಬೇಕಾದದ್ದು ಮನೆಯಲ್ಲ, ಒಂದು ರೂಮು, ಹತ್ತಿರದಲ್ಲೊಂದು ಖಾನಾವಳಿ ಮತ್ತು ರಾತ್ರಿ ಓದಲು ತಕರಾರಿಲ್ಲದ ದೀಪ. ಇಂದಿನ ಇಬ್ಬರಿಗೂ ಮೊದಲ ರೂಮೇ ಒಪ್ಪಿಗೆಯಾಯಿತು. ಹೊಲದ ಕೆಲಸದ ನಡುವೆ ದುಡ್ಡು ಹೊಂದಿಸಿ ಮಕ್ಕಳನ್ನು ಕಳುಹಿಸುವ ತಂದೆತಾಯಿಯರಿಂದ ನಾನು ಕಮಿಷನ್ ಪಡೆಯುವುದಿಲ್ಲ, ಮಾಲೀಕರು ಕೊಟ್ಟದ್ದು ಸಾಕು.

ಇಡೀ ದಿನದಲ್ಲಿ ಹೆಚ್ಚು ಸಮಯ ಹಿಡಿದದ್ದು ನರ್ಸ್ ಅವರ ಮನೆ. ವಿದ್ಯಾನಗರದ ಕಿಮ್ಸ್ ಆಸ್ಪತ್ರೆಯಲ್ಲಿ ಕೆಲಸ, ಒಬ್ಬರೇ ಇರುವವರು, ತಿಂಗಳಲ್ಲಿ ಕೆಲವು ದಿನ ರಾತ್ರಿ ಪಾಳಿ. ಇಷ್ಟು ಹೇಳಿದರೆ ಸಾಕು, ಖಾಲಿಯಿದ್ದ ಮನೆ ಇದ್ದಕ್ಕಿದ್ದಂತೆ ಭರ್ತಿಯಾಗಿರುತ್ತದೆ. ಬೆಳಿಗ್ಗೆಯಿಂದ ಫೋನಿನಲ್ಲಿ ನಾಲ್ವರು ಇಲ್ಲವೆಂದರು. ಅವರಲ್ಲಿ ಒಬ್ಬರು, "ಯಾವ ಪೈಕಿ ರೀ ಅವರು?" ಎಂದು ಕೇಳಿದರು. ಈ ಪ್ರಶ್ನೆಯನ್ನು ನಾನು ಮನೆ ಹುಡುಕುವವರ ಬಳಿ ಒಯ್ಯುವುದಿಲ್ಲ. ಜಾತಿಯನ್ನು ತಿಳಿದುಕೊಂಡೇ ಮನೆ ಕೊಡುತ್ತೇವೆ ಎನ್ನುವವರ ಮನೆಯನ್ನು ನನ್ನ ಪಟ್ಟಿಯಿಂದ ತೆಗೆಯುತ್ತೇನೆ. ಹೀಗೆ ಒಳ್ಳೆಯ ಮನೆಗಳು ಎಷ್ಟೋ ಕೈತಪ್ಪಿವೆ, ನನ್ನ ಗಳಿಕೆಯೂ ತಗ್ಗಿದೆ. ಆದರೆ ರಾತ್ರಿಯಿಡೀ ಅಪರಿಚಿತರ ಮಕ್ಕಳನ್ನು ಜೋಪಾನ ಮಾಡಿ ಬರುವ ಹೆಣ್ಣುಮಗಳಿಗೆ ಬಾಗಿಲಲ್ಲಿ ನಿಲ್ಲಿಸಿ ಆ ಮಾತನ್ನು ಕೇಳಲು ನನ್ನಿಂದಾಗದು.

ಕೊನೆಗೆ ಉಣಕಲ್ಲಿನಲ್ಲಿ, ನಿವೃತ್ತ ಶಿಕ್ಷಕಿಯೊಬ್ಬರ ಮನೆಯ ಮೇಲಿನ ಒಂದು ಕೋಣೆಯ ಮನೆಯನ್ನು ನೋಡಿದೆವು. ಅವರಿಗಿದ್ದ ಆತಂಕ ಒಂದೇ: "ನೈಟ್ ಡ್ಯೂಟಿ ಅಂದ್ರ ಗೇಟ ಯಾರ ತಗೀಬೇಕವ್ವ? ನನಗ ಮೊಣಕಾಲ ನೋವು ಐತಿ." ಗೇಟಿಗೆ ಎರಡನೆಯ ಕೀಲಿ ಮಾಡಿಸಿಕೊಟ್ಟರೆ ಆಯಿತೆಂದು ನಾನು ಹೇಳಿದೆ. ನರ್ಸ್ ಅವರು ಅಷ್ಟರಲ್ಲಾಗಲೇ ಆ ಮೊಣಕಾಲಿನ ಬಗ್ಗೆ ವಿಚಾರಿಸತೊಡಗಿದ್ದರು, ಮಾತು ಅಲ್ಲಿಂದ ಮುಂದೆ ನನ್ನ ನೆರವಿಲ್ಲದೆ ಸಾಗಿತು.

ಕಾಗದಪತ್ರದ ಕೆಲಸವನ್ನು ಅಲ್ಲಿಯೇ ಮುಗಿಸಿದೆವು. ಕರಾರು ಏಕೆ 11 ತಿಂಗಳಿಗೇ ಇರುತ್ತದೆ ಎಂದು ಬಹಳ ಜನ ಕೇಳುತ್ತಾರೆ. ಒಂದು ವರ್ಷವನ್ನು ಮೀರುವ ಬಾಡಿಗೆ ಕರಾರನ್ನು 1908ರ ನೋಂದಣಿ ಕಾಯ್ದೆಯ ಪ್ರಕಾರ ನೋಂದಾಯಿಸಲೇಬೇಕಾಗುತ್ತದೆ, ಆ ಖರ್ಚು ಮತ್ತು ಓಡಾಟ ತಪ್ಪಲೆಂದು ಈ ರೂಢಿ ಬೆಳೆದಿದೆ. ಇದರ ಜೊತೆಗೆ ಈಗ ವಿದ್ಯುತ್ ಮೀಟರಿನ ಆರ್‌ಆರ್ ಸಂಖ್ಯೆಯನ್ನೂ ಬರೆಸುತ್ತೇನೆ. 2023ರಲ್ಲಿ ಬಂದ ಗೃಹಜ್ಯೋತಿ ಯೋಜನೆ ಬಾಡಿಗೆದಾರರಿಗೂ ಸಿಗುತ್ತದೆ. ಆದರೆ ಹಿಂದಿನ ಬಾಡಿಗೆದಾರರ ಆಧಾರ್ ಜೋಡಣೆ ಆ ಮೀಟರಿನಿಂದ ಬಿಟ್ಟಿರದಿದ್ದರೆ ಹೊಸಬರ ಅರ್ಜಿ ಮುಂದೆ ಹೋಗುವುದಿಲ್ಲ. ಮನೆ ಖಾಲಿ ಮಾಡುವ ದಿನವೇ ಅದನ್ನು ಬಿಡಿಸಿಕೊಳ್ಳಿ ಎಂದು ಈ ವಿಡಿಯೋ ನೋಡುತ್ತಿರುವ ಬಾಡಿಗೆದಾರರಲ್ಲಿ ನನ್ನ ಕಳಕಳಿಯ ವಿನಂತಿ.

ಈಗ ರಾತ್ರಿ ಎಂಟೂವರೆ. ನವನಗರದ ಮನೆಯವರು ಒಪ್ಪಿಗೆ ತಿಳಿಸಿ ಫೋನು ಮಾಡಿದ್ದರು, ಗುರುವಾರ ಹಾಲು ಉಕ್ಕಿಸುತ್ತಾರಂತೆ. ಕೆಳಮನೆಯವರನ್ನು ವಿಚಾರಿಸಿದಾಗ ಅಲ್ಲಿ ನಿನ್ನೆಯಷ್ಟೇ ನೀರು ಬಂದು ಹೋಗಿದೆ, ಗುರುವಾರದವರೆಗೆ ಬರುವಂತೆ ಕಾಣುವುದಿಲ್ಲ ಎಂದು ತಿಳಿಯಿತು. ಅದನ್ನು ನೋಟ್‌ಬುಕ್ಕಿನಲ್ಲಿ ಬರೆದುಕೊಂಡು, ಮನೆ ಹೊಕ್ಕುವ ದಿನಕ್ಕೆ ಸಂಪು ತುಂಬಿರುವಂತೆ ಬುಧವಾರವೇ ಒಂದು ಟ್ಯಾಂಕರ್ ಹಾಕಿಸಲು ಮಾಲೀಕರಿಗೆ ತಿಳಿಸಿದ್ದೇನೆ. ನಲ್ಲಿ ತಿರುಗಿಸಿ ನೋಡಿದ ಆ ಹಿರಿಯರಿಗೂ ಫೋನಿನಲ್ಲಿ ಈ ವಿಷಯ ಹೇಳಿದ್ದೇನೆ.