ಮಳೆಗೆ ಹೆದರೋ ಊರು

ಕೇಳುಗರೆಲ್ರಿಗೂ ನಮಸ್ಕಾರ. ಇವತ್ತು ಮಣ್ಣಿನ ಊರೊಂದರ ವಿಷಯ ಹೇಳ್ತೀನಿ. ಮಣ್ಣಿನ ಗೋಡೆ ನಾವೂ ನೋಡಿದೀವಿ ಬಿಡಿ, ಆದ್ರೆ ಇಲ್ಲಿ ಅರಮನೆ, ಉಗ್ರಾಣ, ರಾಜನ ಸಮಾಧಿ ಎಲ್ಲಾ ಹಸಿ ಇಟ್ಟಿಗೆದೇ, ಸುಮಾರು 20 ಚದರ ಕಿಲೋಮೀಟರು! ಹೆಸರು ಚಾನ್ ಚಾನ್. ಪೆರು ದೇಶದ ಟ್ರುಹಿಯೋ ಸಿಟಿ ಪಕ್ಕ, ಪೆಸಿಫಿಕ್ ದಡದಲ್ಲಿದೆ. ಚಿಮು ಅನ್ನೋ ಜನ ಕಟ್ಟಿದ್ದು, ಕೊಲಂಬಸ್ ಹುಟ್ಟೋಕೆ ಸುಮಾರು 500 ವರ್ಷ ಮೊದಲೇ ಶುರು ಮಾಡಿದ್ರು.

ಸಮುದ್ರದ ಪಕ್ಕ ಅಂದ್ಮೇಲೆ ಮಳೆ ಹೊಡೀತಿರಬೇಕಲ್ವಾ ಅಂತ ನಮ್ಮ ಕರಾವಳಿಯೋರು ಕೇಳ್ತಾರೆ. ಅಲ್ಲಿ ಉಲ್ಟಾ. ಹಂಬೋಲ್ಟ್ ಅಂತ ತಣ್ಣೀರಿನ ಪ್ರವಾಹ ಒಂದು ದಡಕ್ಕೆ ತಾಗ್ಕೊಂಡೇ ಹರಿಯುತ್ತೆ, ಅದ್ರಿಂದ ಮಂಜು ಕವಿಯುತ್ತೆ ಹೊರತು ಮಳೆ ಬೀಳೋದೇ ಅಪರೂಪ, ಅದೇ ಧೈರ್ಯದ ಮೇಲೆ 9 ಮೀಟರ್ ಎತ್ತರದ ಮಣ್ಣಿನ ಗೋಡೆ ಎಬ್ಬಿಸಿದ್ರು ನೋಡಿ. ಆ ಗೋಡೆಗಳ ಮೇಲೆ ಮೀನಿನ ಸಾಲು, ಕಡಲಹಕ್ಕಿ ಸಾಲು. ಕೆಲವು ಗೋಡೆಗಳಂತೂ ಬಲೆ ಒಣಗಾಕಿದ್ಹಂಗೆ, ಉದ್ದಕ್ಕೂ ಡೈಮಂಡ್ ಡೈಮಂಡ್ ತೂತು.

ಸುಮಾರು 1470ರಲ್ಲಿ ಆಂಡಿಸ್ ಬೆಟ್ಟದ ಕಡೆಯ ಇಂಕಾ ಜನ ಈ ಊರನ್ನ ಗೆದ್ರು, ಚಿಮು ರಾಜ ಮಿಂಚನ್‌ಕಾಮನ್‌ನ ಜೊತೆಗೆ ಅಲ್ಲಿನ ಅಕ್ಕಸಾಲಿಗರನ್ನೂ ತಮ್ಮ ರಾಜಧಾನಿ ಕುಸ್ಕೋಗೆ ಕರ್ಕೊಂಡು ಹೋದ್ರು. ಆಮೇಲೆ ಬಂದ ಸ್ಪೇನಿನೋರು ಸಮಾಧಿ ಅಗೆದು ಸಿಕ್ಕ ಚಿನ್ನ ಕರಗಿಸಿದ್ರು. ಅವ್ರ ಬಗ್ಗೆ ಇನ್ನೇನು ಹೇಳೋದು.

ಈಗಿನ ಶತ್ರು ನೀರು. ಕೆಲವು ವರ್ಷಕ್ಕೊಮ್ಮೆ ಎಲ್ ನಿನ್ಯೋ ಬಂದು ಸಮುದ್ರ ಬಿಸಿಯಾದ್ರೆ ಅದೇ ಒಣ ದಡದಲ್ಲಿ ಮಳೆ ಸುರಿಯುತ್ತೆ, 1983, 1998, 2017ರಲ್ಲೆಲ್ಲಾ ಸುರೀತು, ಹಸಿ ಇಟ್ಟಿಗೆ ಕರಗೋಕೆ ಎಷ್ಟೊತ್ತು ಹೇಳಿ. ಯುನೆಸ್ಕೋ 1986ರಲ್ಲಿ ವಿಶ್ವ ಪರಂಪರೆ ಪಟ್ಟಿಗೆ ಸೇರಿಸ್ತು, ಅದೇ ವರ್ಷ ಅಪಾಯದಲ್ಲಿರೋ ಜಾಗಗಳ ಪಟ್ಟಿಗೂ ಹಾಕ್ತು! ಸಾಲದು ಅಂತ ಸುತ್ತ ಹೊಲಗಳಿಗೆ ಬಿಟ್ಟ ನೀರು ಇಂಗಿ ಅಂತರ್ಜಲ ಮೇಲೆ ಬರ್ತಿದೆ, ಬುಡದಿಂದ ತೇವ ಏರಿ ಗೋಡೆ ಮೇಲೆ ಉಪ್ಪು ಕಟ್ಟುತ್ತೆ, ಪದರ ಪದರ ಉದುರುತ್ತೆ. ಚಿತ್ರದ ಗೋಡೆಗಳಿಗೆ ಮೇಲೊಂದು ಚಾವಣಿ ಹಾಕಿದಾರೆ, ಬುಡದಿಂದ ಬರೋ ನೀರಿಗೆ ಚಾವಣಿ ಏನ್ಮಾಡುತ್ತೆ?

ಆದ್ರೆ ಚಿಮುಗಳು ಆ ನೀರನ್ನ ಬೇಕಂತಲೇ ಹುಡುಕಿದೋರು. ನೆಲ ತೋಡಿ ತಗ್ಗು ಮಾಡಿ ತೇವ ಸಿಗೋ ಕಡೆ ಬೆಳೆ ಇಡ್ತಿದ್ರು, ಜೊಂಡು ಬೆಳೆಸ್ತಿದ್ರು. ಹತ್ತಿರದ ವಾಂಚಾಕೋ ಅನ್ನೋ ಊರಲ್ಲಿ ಬೆಸ್ತರು ಇವತ್ತಿಗೂ ಅಂಥ ಗುಂಡಿಗಳಲ್ಲೇ ಜೊಂಡು ಬೆಳೀತಾರೆ, ಕುಯ್ದು ಒಣಗಿಸಿ ಕಂತೆ ಕಟ್ಟಿ, ಮೂತಿ ಮೇಲಕ್ಕೆ ಬಗ್ಗಿಸಿ ದೋಣಿ ಮಾಡ್ಕೋತಾರೆ. ಕುದುರೆ ಸವಾರಿ ಥರ ಅದರ ಮೇಲೆ ಕೂತು ಅಲೆ ದಾಟ್ತಾರೆ. ನೀರು ಕುಡಿದು ಅದೂ ಜಾಸ್ತಿ ದಿನ ಬಾಳಲ್ಲ. ವಾಪಸ್ ಬಂದು ಮರಳಲ್ಲಿ ಸಾಲಾಗಿ ನೆಟ್ಟಗೆ ನಿಲ್ಲಿಸ್ತಾರೆ, ನೀರು ಸೋರ್ಲಿ ಅಂತ.