ದಸರಾ ಆದ ಮೇಲೆ ಅವರೆಗೆ ಕುಡುಗೋಲು ಬೇಡ

ಎಲ್ಲರಿಗೂ ನಮಸ್ಕಾರ. ಮಂಡ್ಯದ ಈ ಕೃಷಿ ಸಂಶೋಧನಾ ಕೇಂದ್ರಕ್ಕೆ, ನಮ್ಮ ವಿ.ಸಿ. ಫಾರಂಗೆ, ಬೆಳಗಿನ ಹಾಲು ಡೇರಿಗೆ ಹಾಕಿ ಬಂದವರೇ ಜಾಸ್ತಿ ಅಂತ ಕಾಣುತ್ತದೆ. ಸಂಜೆ ಕರೆಯುವ ಹೊತ್ತಿಗೆ ಮನೆ ಸೇರಬೇಕು, ಅಲ್ವಾ? ಬೇಗ ವಿಷಯಕ್ಕೆ ಬರುತ್ತೇನೆ.

ನಮ್ಮ ಮನೆಯಲ್ಲೇ ತಿಂದ ಪೆಟ್ಟು ಹೇಳುತ್ತೇನೆ. ಪಾಂಡವಪುರದ ಕಡೆ ನಮ್ಮದು ಎರಡು ಎಕರೆ ಖುಷ್ಕಿ. ರಾಗಿ ಸಾಲಿನ ನಡುವೆ ನಾಟಿ ಅವರೆ. ಒಂದು ವರ್ಷ ದಸರಾ ಕಳೆಯುತ್ತಲೇ ಹಸಿಮೇವು ಸಾಲದಾಯಿತು. ಅವರೆ ದಟ್ಟವಾಗಿ ನಿಂತಿತ್ತು. 'ಹೇಗೂ ಚಿಗುರುತ್ತೆ ಬಿಡು' ಅಂತ ನಾನೇ ನೆಲಮಟ್ಟಕ್ಕೆ ಕೊಯ್ದು ಎಮ್ಮೆಗೆ ಹಾಕಿದೆ. ಚಿಗುರಿತು ನಿಜ. ಆದರೆ ಊರೆಲ್ಲ ಸೊಗಡಿನ ಕಾಯಿ ಬಿಡಿಸುವಾಗ ನಮ್ಮಲ್ಲಿ ಇನ್ನೂ ಮೊಗ್ಗು. ಕಾಯಿ ಕಚ್ಚುವ ಹೊತ್ತಿಗೆ ನೆಲದಲ್ಲಿ ಪಸೆ ಇಲ್ಲ. ಬಿತ್ತನೆ ಕಾಳಿಗೂ ಪಕ್ಕದ ಮನೆಗೆ ಹೋದೆವು. ಅಮ್ಮ ಇವತ್ತಿಗೂ ಆ ಮಾತು ಎತ್ತುತ್ತಾರೆ.

ಯಾಕೆ ಹೀಗಾಯಿತು? ನಾಟಿ ಅವರೆ ದಿನ ಎಣಿಸುವುದಿಲ್ಲ, ರಾತ್ರಿ ಅಳೆಯುತ್ತದೆ. ರಾತ್ರಿ ಉದ್ದವಾಗುವವರೆಗೆ ಸುಮ್ನೆ ಎಲೆ ಬಿಡುತ್ತಾ ಇರುತ್ತದೆ. ಸೆಪ್ಟೆಂಬರ್ ಕೊನೆಯಿಂದ ಹಗಲಿಗಿಂತ ರಾತ್ರಿ ದೊಡ್ಡದು. ಈ ಅಳತೆ ನಡೆಯುವುದು ಎಲೆಯಲ್ಲಿ. ಅಲ್ಲಿಂದ ಸುದ್ದಿ ಕಡ್ಡಿಯೊಳಗೆ ಹರಿದು ಕುಡಿಗೆ ಮುಟ್ಟಿದರೆ, ಹೊಸ ಎಲೆ ಬರುವ ಜಾಗದಲ್ಲಿ ಮೊಗ್ಗು ಬರುತ್ತದೆ. ನಾನು ಸುದ್ದಿ ಕಳಿಸುವ ಎಲೆಯನ್ನೂ ಕೊಯ್ದೆ, ಸುದ್ದಿ ಮುಟ್ಟಿದ ಕುಡಿಯನ್ನೂ ಕೊಯ್ದೆ. ಉಳಿದ ಮೋಟು ಮೊದಲು ಎಲೆ ಮಾಡಿಕೊಳ್ಳಬೇಕು, ಆಮೇಲೆ ಹೂವು. ಗಾಳಿಯ ಸಾರಜನಕ ಹಿಡಿದು ಗಿಡಕ್ಕೆ ಕೊಡುವ ಬೇರಿನ ಗಂಟುಗಳೂ ಸೊರಗುತ್ತವೆ. ಅವಕ್ಕೆ ಊಟ ಹೋಗುವುದೂ ಎಲೆಯಿಂದಲೇ ತಾನೆ?

ಅದೇ ಕೊಯ್ಲನ್ನು ಗೌರಿ ಹಬ್ಬಕ್ಕೆ ಮೊದಲೇ, ಒಂದು ಗೇಣು ಕಡ್ಡಿ, ನಾಲ್ಕು ಎಲೆ ಬಿಟ್ಟು ಮಾಡಿದ್ದರೆ? ಕುಡಿ ಹೋದ ಗಿಡ ಗೆಣ್ಣುಗಳಲ್ಲಿ ಕವಲೊಡೆಯುತ್ತದೆ. ರಾತ್ರಿ ಉದ್ದವಾಗುವ ಹೊತ್ತಿಗೆ ಕವಲುಗಳು ಎಲೆ ತುಂಬಿ ನಿಂತಿರುತ್ತವೆ. ತೊಗರಿಯ ಕುಡಿ ಚಿವುಟುವವರಿಗೆ ಇದೇನೂ ಹೊಸದಲ್ಲ. ಆದರೆ ಹೆಬ್ಬಾಳ ಅವರೆ 3, 4 ಅನ್ನುವ ತಳಿ ಹಾಕಿದವರು ಈ ಗೋಜಿಗೆ ಹೋಗಬೇಡಿ. ಅವು ರಾತ್ರಿಯ ಲೆಕ್ಕ ನೋಡುವುದಿಲ್ಲ, ಸುಮಾರು ಒಂದೂವರೆ ತಿಂಗಳಿಗೇ ಹೂ ಬಿಡುತ್ತವೆ. ಕೊಯ್ದರೆ ಸುಧಾರಿಸಿಕೊಳ್ಳಲು ಪುರುಸೊತ್ತೇ ಇಲ್ಲ.

ಮೇವಿಗೆಂದೇ ಬೆಳೆಯುವ ಕುದುರೆ ಮಸಾಲೆ ಸೊಪ್ಪಿನ (ಲೂಸರ್ನ್) ಕಥೆ ಬೇರೆ. ಅದು ಬುಡದಿಂದ ಚಿಗುರುತ್ತದೆ, ಆಳದ ಬೇರಿನಲ್ಲಿ ಆಹಾರ ಕೂಡಿಟ್ಟಿರುತ್ತದೆ. ಹಾಗಾಗಿ ತಿಂಗಳಿಗೊಂದು ಕೊಯ್ಲು ತಾಳುತ್ತದೆ. ಬೀಜ ಬೇಕಾದರೆ ಚಳಿ ಇಳಿಯುವಾಗ ಕೊಯ್ಲು ನಿಲ್ಲಿಸಿ, ನೀರನ್ನೂ ಬಿಗಿ ಹಿಡಿಯಿರಿ. ನಾಲೆಯಲ್ಲಿ ನೀರು ಬಂತು ಅಂತ ಹಾಯಿಸಿದರೆ ಮತ್ತೆ ಸೊಪ್ಪೇ. ಹೂವು ಒಣ ಬಿಸಿಲಿಗೆ, ಜೇನು ಓಡಾಡುವ ಕಾಲಕ್ಕೆ ಸಿಗಬೇಕು. ಆ ನೇರಳೆ ಹೂವಿನ ಕೆಳಗಿನ ಎಸಳನ್ನು ಕಡ್ಡಿಯಿಂದ ಒತ್ತಿ ನೋಡಿ. ಒಳಗಿನ ಕೇಸರ ಟಪ್ ಅಂತ ಮೇಲಕ್ಕೆ ಚಿಮ್ಮುತ್ತದೆ. ಜೇನು ಹಾಗೆ ಚಿಮ್ಮಿಸದ ಹೂವು ಹೆಚ್ಚಾಗಿ ಬರಿದೇ ಉದುರುತ್ತದೆ.

ಗೌರಿ ಹಬ್ಬಕ್ಕೆ ಇನ್ನೂ ಮೂರು ವಾರ ಇದೆ. ಹಿಂದಿನ ತಾಕಿನಲ್ಲಿ ಅವರೆ ಮೊಣಕಾಲುದ್ದ ಬಂದಿದೆ, ಕುಡುಗೋಲು ತಂದಿದ್ದೇನೆ. ಬನ್ನಿ, ಎಲ್ಲಿಗೆ ಕೊಯ್ಯಬೇಕು ಅಂತ ನೀವೇ ತೋರಿಸಿ.