ಹವಳ ಮುದುಡಿದಾಗ ಮೊದಲು ಏನು ನೋಡಬೇಕು?

ಎಲ್ಲರಿಗೂ ನಮಸ್ಕಾರ.

ಸಣ್ಣ ಉಪ್ಪುನೀರಿನ ಟ್ಯಾಂಕ್ ಇಟ್ಟವರಿಗೆ ಒಂದಲ್ಲ ಒಂದು ಬೆಳಿಗ್ಗೆ ಈ ಗಾಬರಿ ಆಗಿಯೇ ಇರುತ್ತದೆ. ನಿನ್ನೆ ಅರಳಿ ನಿಂತಿದ್ದ ಲೆದರ್ ಕೋರಲ್ (ಚರ್ಮದಂಥ ಮೈಯ ಮೆದು ಹವಳ) ಇವತ್ತು ಮುದುಡಿದೆ. ಪಾಲಿಪ್‌ಗಳೆಲ್ಲ, ಅಂದರೆ ಮೈಮೇಲೆ ಹೂವಿನಂತೆ ಅರಳುವ ಪುಟ್ಟ ಜೀವಿಗಳೆಲ್ಲ, ಒಳಗೆ ಸೇರಿವೆ. ಆಗ ಕೈ ಸುಮ್ನಿರುವುದಿಲ್ಲ. ಬೆಳಕು ಕಡಿಮೆ ಮಾಡುತ್ತೇವೆ, ಕಲ್ಲು ಜರುಗಿಸುತ್ತೇವೆ, ಯಾವುದೋ ಬಾಟಲಿ ಸುರಿಯುತ್ತೇವೆ. ಮೂರೂ ಒಂದೇ ದಿನ. ಆಮೇಲೆ ಯಾವುದರಿಂದ ಏನಾಯಿತು ಅಂತ ಗೊತ್ತಾಗುವುದೇ ಇಲ್ಲ, ಅಲ್ವಾ? ನನ್ನ ಮೊದಲ ಲೆದರ್ ಕೋರಲ್ ಹೋಗಿದ್ದು ಹೀಗೆ. ಅದು ಸಾಯುತ್ತಿರಲಿಲ್ಲ, ಪೊರೆ ಬಿಡುತ್ತಿತ್ತು. ನೆನಪಾದರೆ ಈಗಲೂ ಸಂಕಟವಾಗುತ್ತದೆ.

ಪೊರೆ ಬಿಡುವಾಗ ಹತ್ತಿರ ಹೋಗಿ ನೋಡಿ. ಮೈ ಮೇಣ ಸವರಿದ ಹಾಗೆ ಹೊಳೆಯುತ್ತದೆ. ಕೆಲವು ದಿನದಲ್ಲಿ ತೆಳ್ಳನೆಯ ಪದರ ಅಂಚಿನಲ್ಲಿ ಎದ್ದು, ನೀರಿನ ಸೆಳೆತಕ್ಕೆ ಹರಿದ ಬಟ್ಟೆಯಂತೆ ಅಲ್ಲಾಡುತ್ತದೆ. ಮೇಲೆ ಕೂತ ಪಾಚಿ, ಕಸ ಅದರ ಜೊತೆಗೇ ಹೋಗುತ್ತದೆ. ಇದಕ್ಕೆ ಒಂದು ವಾರ, ಕೆಲವೊಮ್ಮೆ ಅದಕ್ಕೂ ಜಾಸ್ತಿ ಹಿಡಿಯುತ್ತದೆ. ನೀರಿನ ಹರಿವು ಚೆನ್ನಾಗಿದ್ದರೆ ಸಾಕು. ಕೊಳೆಯುವುದು ಬೇರೆ. ಬುಡ ಕಪ್ಪಾಗಿ, ಲೋಳೆಯಾಗಿ ಕರಗುತ್ತದೆ. ನೀರಿನಿಂದ ಎತ್ತಿದರೆ ಗಬ್ಬು ವಾಸನೆ. ಆಗ ಕಾಯಬೇಡಿ. ಹರಿತವಾದ ಬ್ಲೇಡಿನಿಂದ ಕೊಳೆತದ್ದನ್ನೆಲ್ಲ ಕೊಯ್ದು ತೆಗೆಯಿರಿ. ಉಳಿದ ಗಟ್ಟಿ ತುಂಡು ಮತ್ತೆ ಚಿಗುರಬಲ್ಲದು.

ಪೊರೆಯೂ ಅಲ್ಲ, ಕೊಳೆತವೂ ಅಲ್ಲ ಅಂದರೆ ಮೊದಲು ಉಪ್ಪು ಅಳೆಯಿರಿ. ಸಣ್ಣ ಟ್ಯಾಂಕಿನ ದೊಡ್ಡ ಶತ್ರು ಇದೇ. ಆವಿಯಾಗುವುದು ನೀರು ಮಾತ್ರ, ಉಪ್ಪು ಒಳಗೇ ಉಳಿಯುತ್ತದೆ. 40 ಲೀಟರ್ ನೀರಿನಲ್ಲಿ ಉಪ್ಪು 35 ಪಿಪಿಟಿ (ಸಾವಿರ ಪಾಲಿಗೆ 35 ಪಾಲು) ಇದೆ ಅಂದುಕೊಳ್ಳಿ. 4 ಲೀಟರ್ ಆವಿಯಾದರೆ ಅದು ಹೆಚ್ಚುಕಡಿಮೆ 39ಕ್ಕೆ ಏರುತ್ತದೆ. ಆಗ ಒಮ್ಮೆಲೇ ಸಿಹಿನೀರು ಸುರಿದು ಇಳಿಸಿದರೆ ಹವಳಕ್ಕೆ ಎರಡನೇ ಪೆಟ್ಟು. ದಿನವೂ ಸ್ವಲ್ಪ ಸ್ವಲ್ಪ ಆರ್‌ಒ ನೀರು ಸೇರಿಸುವ ಅಭ್ಯಾಸ ಬೇಕು. ಗಾಜಿನ ಮೇಲೆ ಗೆರೆ ಎಳೆದುಕೊಳ್ಳಿ, ನೀರು ಎಷ್ಟು ಇಳಿದಿದೆ ಅಂತ ಕಾಣುತ್ತದೆ. ಉಪ್ಪು ಅಳೆಯುವ ರಿಫ್ರಾಕ್ಟೋಮೀಟರ್ ಇದ್ದರೆ 35 ಪಿಪಿಟಿ ದ್ರಾವಣದಲ್ಲೇ ಸರಿಹೊಂದಿಸಿ. ಅದೇ ತಪ್ಪಾಗಿದ್ದರೆ ಉಳಿದ ಲೆಕ್ಕವೆಲ್ಲ ತಪ್ಪು.

ಆಮೇಲೆ ಉಷ್ಣತೆ, 25-26 ಡಿಗ್ರಿ. ಕ್ಷಾರತೆ 8-9 ಡಿಕೆಎಚ್ (ಕ್ಷಾರತೆ ಅಳೆಯುವ ಮಾನ) ಹತ್ತಿರ ಇದ್ದರೆ ಆಯಿತು.

ನೀರು ತೀರಾ ಚೊಕ್ಕವಾಗಿದ್ದರೂ ಕಷ್ಟ. ನೈಟ್ರೇಟ್, ಫಾಸ್ಫೇಟ್ ಎರಡೂ ಸೊನ್ನೆ ಬಂತು ಅಂತ ಖುಷಿಪಡುತ್ತೇವೆ, ಹವಳ ಮಾತ್ರ ಹಸಿದು ಬಿಳಿಚಿಕೊಳ್ಳುತ್ತದೆ. ಅದರ ಮೈಯೊಳಗಿನ ಪಾಚಿಗೂ ಸಾರ ಬೇಕಲ್ಲ! ನೈಟ್ರೇಟ್ 5-10 ಪಿಪಿಎಂ (ಹತ್ತು ಲಕ್ಷ ಪಾಲಿಗೆ 5-10 ಪಾಲು) ಇದ್ದರೆ ನನಗೆ ನೆಮ್ಮದಿ. ಬೆಳಕು ಜಾಸ್ತಿಯಾದರೂ ಹೀಗೆ ಬಿಳಿಚುತ್ತದೆ. ಬೆಳಕು ಸಾಲದೆ ಹೋದರೆ ಬಣ್ಣ ಕಂದಾಗಿ, ಕಾಂಡ ಉದ್ದುದ್ದ ಎಳೆದುಕೊಳ್ಳುತ್ತದೆ.

ಇನ್ನೊಂದು, ಅಕ್ಕಪಕ್ಕದ ಜಗಳ. ಲೆದರ್ ಕೋರಲ್ ಟರ್ಪೀನ್ ಎಂಬ ರಾಸಾಯನಿಕ ಬಿಡುತ್ತದೆ, ಅದು ಪಕ್ಕದ ಹವಳಗಳನ್ನು ಬೆಳೆಯಗೊಡುವುದಿಲ್ಲ. ಕಡಲಿನಲ್ಲಿ ಅಲೆಗೆ ಕೊಚ್ಚಿಹೋಗುವ ವಿಷ ಸಣ್ಣ ಗಾಜಿನ ಪೆಟ್ಟಿಗೆಯಲ್ಲಿ ಸುತ್ತುತ್ತಲೇ ಇರುತ್ತದೆ. ಇಂಥ ರಾಸಾಯನಿಕ ಹೀರುವ ಆಕ್ಟಿವೇಟೆಡ್ ಕಾರ್ಬನ್ (ಇದ್ದಿಲು) ಸ್ವಲ್ಪ ಇಟ್ಟು, ಆಗಾಗ ಬದಲಿಸಿ. ಜೊತೆಗೆ ವಾರಕ್ಕೊಮ್ಮೆ ನೂರಕ್ಕೆ ಹತ್ತರಷ್ಟು ನೀರು ಬದಲಿಸಿದರೆ ಬಹಳಷ್ಟು ತೊಂದರೆ ಇಳಿಯುತ್ತದೆ.

ಜೋವಾಂತಿಡ್‌ಗಳು (ಕಲ್ಲಿನ ಮೇಲೆ ಗುಂಪಾಗಿ ಹಬ್ಬುವ, ಹವಳದ ಹತ್ತಿರದ ಪುಟ್ಟ ಜೀವಿಗಳು) ಮಾತ್ರ ಮುಚ್ಚಿ, ಉಳಿದವೆಲ್ಲ ಚೆನ್ನಾಗಿದ್ದರೆ ಕೀಟದ ಅನುಮಾನ ಇಟ್ಟುಕೊಳ್ಳಿ. ರಾತ್ರಿ ದೀಪ ಆರಿ ಒಂದು ಗಂಟೆಯಾದ ಮೇಲೆ ಟಾರ್ಚ್ ಹಿಡಿದು ನೋಡಿ. ಜೋವಾಂತಿಡ್‌ಗಳನ್ನೇ ತಿಂದು ಬದುಕುವ ಪುಟ್ಟ ನ್ಯೂಡಿಬ್ರಾಂಕ್‌ಗಳಿವೆ (ಚಿಪ್ಪಿಲ್ಲದ ಕಡಲ ಹುಳದಂಥ ಮೃದ್ವಂಗಿಗಳು). ತಿಂದ ಪಾಲಿಪ್‌ನ ಬಣ್ಣವೇ ಅವುಗಳ ಮೈಗೂ ಬಂದಿರುತ್ತದೆ, ಹಾಗಾಗಿ ಸುಲಭಕ್ಕೆ ಕಾಣುವುದಿಲ್ಲ. ಸುರುಳಿ ಆಕಾರದ ಮೊಟ್ಟೆಗಳನ್ನೂ ಕೆರೆದು ತೆಗೆಯಬೇಕು.

ಕೆರೆಯುವ ಮೊದಲು ಗ್ಲೌಸ್, ಕಣ್ಣಿಗೆ ಕನ್ನಡಕ. ದಯವಿಟ್ಟು ಇದನ್ನು ಬಿಡಬೇಡಿ. ಕೆಲವು ಜೋವಾಂತಿಡ್‌ಗಳಲ್ಲಿ ಪಾಲಿಟಾಕ್ಸಿನ್ ಎಂಬ ಘೋರ ವಿಷ ಇರುತ್ತದೆ. ಅವು ಅಂಟಿರುವ ಕಲ್ಲನ್ನು ಯಾವತ್ತೂ ಕುದಿಸಬೇಡಿ, ಬಿಸಿನೀರು ಸುರಿಯಬೇಡಿ. ಆ ಹಬೆ ಉಸಿರಿಗೆ ಹೋಗಿ ಮನೆಮಂದಿಯೆಲ್ಲ ಆಸ್ಪತ್ರೆ ಸೇರಿದ್ದೂ ಇದೆ.